ಬಾಕಿ ಸಂಬಳ, ಬೆಳೆಯುವ ಬಡ್ಡಿ

ನೌಕರರ ಕೇಸಿನಿಂದ ಕಂಪನಿ ಮುಳುಗುತ್ತದೆಯೋ, ಮುಳುಗುತ್ತಿರುವ ಕಂಪನಿಯ ಮೇಲೆ ಕೇಸು ಬೀಳುತ್ತವೆಯೋ? ಅಮ್ಮಸಂದ್ರದ ಸಿಮೆಂಟು, ತುಮಕೂರಿನ ಗಡಿಯಾರ, ಕೋಲಾರದ ಚಿನ್ನ, ಬೆಂಗಳೂರಿನ ಸಾಫ್ಟ್‌ವೇರ್ ಒಂದೊಂದು ಉತ್ತರ ಕೊಡುತ್ತವೆ. ತಿಪಟೂರು ಸೀಮೆಯ ಕೊಬ್ಬರಿ ಅಟ್ಟದ ಕೆಳಗೆ ಕೇಸೂ ಇಲ್ಲ, ಲೆಕ್ಕವೂ ಇಲ್ಲ!

ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ಹೊರಟ ರೈಲು ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್ ದಾಟುತ್ತಿದ್ದಂತೆ ಕಿಟಕಿಯ ಎರಡೂ ಬದಿಗೆ ತೆಂಗಿನ ತೋಟಗಳ ಸಾಲು. ಆ ಹಸಿರಿನ ನಡುವಿನಿಂದ ಸಿಮೆಂಟು ಕಾರ್ಖಾನೆಯ ಬೂದು ಗೋಪುರಗಳು ಏಳುವ ಜಾಗ ಅಮ್ಮಸಂದ್ರ. ತುರುವೇಕೆರೆ ತಾಲ್ಲೂಕಿನ ಈ ಊರಿಗೆ ಕಾರ್ಖಾನೆ ತಂದದ್ದು 1958ರಲ್ಲಿ ಸ್ಥಾಪನೆಯಾದ ಮೈಸೂರು ಸಿಮೆಂಟ್ಸ್. ವರ್ಷದ ಫಸಲು, ಅಟ್ಟದ ಕೊಬ್ಬರಿ, ಮಂಡಿಯ ಮುಂಗಡ ನಂಬಿ ಬದುಕಿದ್ದ ಸೀಮೆಗೆ ತಿಂಗಳ ಸಂಬಳ, ಪಿ.ಎಫ್., ಬೋನಸ್, ಗ್ರಾಚ್ಯುಟಿ ಎಂಬ ಮಾತುಗಳು ಬಂದದ್ದು ಇಂಥ ಕಾರ್ಖಾನೆಗಳ ಗೇಟಿನಿಂದಲೇ.

ನಷ್ಟದಲ್ಲಿದ್ದ ಆ ಕಂಪನಿಯನ್ನು 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಸಿಮೆಂಟ್ ಕೊಂಡಿತು. 2009ರಲ್ಲಿ ಹೆಸರೂ ಬದಲಾಯಿತು. ಗೇಟಿನ ಫಲಕ ಬದಲಾದ ಮಾತ್ರಕ್ಕೆ ಒಳಗಿನವರ ಸೇವಾವಧಿ ಅಳಿಸಿಹೋಗುವುದಿಲ್ಲ. ಷೇರು ಕೊಂಡು ಕಂಪನಿಯನ್ನು ವಶಕ್ಕೆ ತೆಗೆದುಕೊಂಡರೆ ಕಾನೂನಿನ ಕಣ್ಣಿಗೆ ಕಂಪನಿ ಅದೇ. ಕೊಡಬೇಕಾದ ಗ್ರಾಚ್ಯುಟಿ, ಕಟ್ಟದೆ ಬಿಟ್ಟ ಪಿ.ಎಫ್., ಕಾರ್ಮಿಕ ನ್ಯಾಯಾಲಯದಲ್ಲಿರುವ ಕೇಸು, ಎಲ್ಲವೂ ಹೊಸ ಯಜಮಾನನ ಪಾಲಿಗೇ ಬರುತ್ತವೆ. ಆದ್ದರಿಂದಲೇ ಕೊಳ್ಳುವವರ ವಕೀಲರು ಯಂತ್ರ ನೋಡುವ ಮೊದಲು ಕೇಸುಗಳ ಪಟ್ಟಿ ಕೇಳುತ್ತಾರೆ. ಪಟ್ಟಿ ಉದ್ದವಿದ್ದಷ್ಟೂ ಬೆಲೆ ಇಳಿಯುತ್ತದೆ.

ನೌಕರರ ಕೇಸಿಗೂ ಕಂಪನಿಯ ಹಣದ ಸ್ಥಿತಿಗೂ ಇರುವ ನಂಟು ಎರಡು ದಿಕ್ಕಿನದು. ಕೇಸು ಸೋತರೆ ಲಾಭ ಕರಗುತ್ತದೆ, ಇದು ಎಲ್ಲರಿಗೂ ಹೊಳೆಯುವ ಮಾತು. ಲಾಭ ಕರಗಿದ್ದರಿಂದಲೇ ಕೇಸು ಹುಟ್ಟುತ್ತದೆ ಎಂಬುದು ಅಷ್ಟಾಗಿ ಹೊಳೆಯದ ಮಾತು. ಕರ್ನಾಟಕದ ಅನುಭವದಲ್ಲಿ ಎರಡನೆಯದರ ತೂಕವೇ ಹೆಚ್ಚು.

ಗಡಿಯಾರ ನಿಂತ ಮೇಲೆ

ತಿಪಟೂರಿನಿಂದ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ತುಮಕೂರಿಗೆ 1978ರಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಬಂತು. ಎಚ್‌ಎಂಟಿ ವಾಚು ಮದುವೆಯ ಉಡುಗೊರೆಯಾಗಿದ್ದ ಕಾಲ ಅದು. ಕ್ವಾರ್ಟ್ಜ್ ವಾಚುಗಳ ಅಲೆಯಲ್ಲಿ, ಖಾಸಗಿ ಪೈಪೋಟಿಯಲ್ಲಿ ಕಂಪನಿ ಹಿಂದೆ ಬಿತ್ತು. ನಷ್ಟ ವರ್ಷದಿಂದ ವರ್ಷಕ್ಕೆ ಬೆಳೆಯಿತು.

2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್, ಎಚ್‌ಎಂಟಿ ಚಿನಾರ್ ವಾಚಸ್, ಎಚ್‌ಎಂಟಿ ಬೇರಿಂಗ್ಸ್ ಮೂರನ್ನೂ ಮುಚ್ಚಲು ಒಪ್ಪಿತು. ನೌಕರರ ಸ್ವಯಂನಿವೃತ್ತಿ ಪರಿಹಾರಕ್ಕೆ, ಬಾಕಿ ತೀರಿಸಲಿಕ್ಕೆ 427.48 ಕೋಟಿ ರೂಪಾಯಿ ಮಂಜೂರಾಯಿತು. ಪರಿಹಾರದ ಲೆಕ್ಕಕ್ಕೆ ಹಿಡಿದದ್ದು 2007ರ ಕಾಲ್ಪನಿಕ ವೇತನ ಶ್ರೇಣಿ. ಒಂಬತ್ತು ವರ್ಷ ಹಿಂದಿನ ಆ ಶ್ರೇಣಿಯನ್ನು ಸರ್ಕಾರ ಆಕರ್ಷಕ ಎಂದೇ ಬಣ್ಣಿಸಿತು. ತುಮಕೂರಿನ ಕಾರ್ಖಾನೆಯ ಜಾಗ ಮುಂದೆ ಇಸ್ರೊ ಪಾಲಾಯಿತು.

ನಷ್ಟದ ಕಂಪನಿ ಎಲ್ಲಕ್ಕಿಂತ ಮೊದಲು ನಿಲ್ಲಿಸುವುದು ವೇತನ ಪರಿಷ್ಕರಣೆಯನ್ನು. ಆಮೇಲೆ ಬೋನಸ್, ತುಟ್ಟಿಭತ್ಯೆ, ರಜೆ ನಗದೀಕರಣ. ಆಮೇಲೆ ಪಿ.ಎಫ್. ಕಂತು ತಡವಾಗುತ್ತದೆ. ನಿವೃತ್ತನಾದವನಿಗೆ ಗ್ರಾಚ್ಯುಟಿ ಬದಲು ‘ಮುಂದಿನ ತಿಂಗಳು ಬನ್ನಿ’ ಎಂಬ ಮಾತು ಸಿಗುತ್ತದೆ. ಬ್ಯಾಂಕಿನ ಸಾಲಕ್ಕೆ ಜಾಮೀನಿದೆ, ವಿದ್ಯುತ್ ಬಿಲ್ಲು ಕಟ್ಟದಿದ್ದರೆ ಫ್ಯೂಸ್ ಕೀಳುತ್ತಾರೆ, ಕಚ್ಚಾ ಸಾಮಗ್ರಿಯವನು ಲಾರಿ ನಿಲ್ಲಿಸುತ್ತಾನೆ. ಒತ್ತಾಯವಿಲ್ಲದೆ ಸಾಲ ಕೊಡುವವನು ನೌಕರ ಒಬ್ಬನೇ. ಅವನ ತಾಳ್ಮೆ ಮುಗಿದ ದಿನ ಅರ್ಜಿ ಬೀಳುತ್ತದೆ. ಅಂದರೆ ಕೇಸಿನ ದಾಖಲೆಯ ಮೇಲಿನ ತಾರೀಕಿಗಿಂತ ಎರಡು ಮೂರು ವರ್ಷ ಮೊದಲೇ ಕಂಪನಿಗೆ ಕಾಯಿಲೆ ಹಿಡಿದಿರುತ್ತದೆ.

ಕೋಲಾರದ ಚಿನ್ನದ ಗಣಿಯದು ಇದೇ ಕಥೆಯ ದೊಡ್ಡ ಆವೃತ್ತಿ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಮುಚ್ಚಿತು. ಆಳಕ್ಕೆ ಹೋದಷ್ಟೂ ಅದಿರಿನ ಸತ್ವ ಇಳಿದಿತ್ತು, ತೆಗೆದ ಚಿನ್ನಕ್ಕಿಂತ ತೆಗೆಯುವ ಖರ್ಚೇ ಹೆಚ್ಚಾಗಿತ್ತು. ಕಾರ್ಮಿಕ ಸಂಘಗಳು ಹೈಕೋರ್ಟಿಗೆ ಹೋದವು. ನೌಕರರೇ ಗಣಿ ನಡೆಸುವ ಪ್ರಸ್ತಾಪವೂ ಬಂತು. ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿ, ಜಾಗತಿಕ ಟೆಂಡರ್ ಕರೆಯಲು ಅನುಮತಿ ಸಿಕ್ಕಿದ್ದು 2013ರಲ್ಲಿ. ಅಷ್ಟರಲ್ಲಿ ಸುರಂಗಗಳಲ್ಲಿ ನೀರು ತುಂಬಿತ್ತು. ಗಣಿಯನ್ನು ಕೇಸು ಮುಚ್ಚಿಸಿದ್ದಲ್ಲ. ಮುಚ್ಚಿದ ಗಣಿಯ ಆಸ್ತಿಯನ್ನು ಮಾತ್ರ ಅದು ಹನ್ನೆರಡು ವರ್ಷ ಕಟ್ಟಿಹಾಕಿತು.

ಅಸಲಿಗಿಂತ ತಡವೇ ದುಬಾರಿ

ನೌಕರರ ಕೇಸಿನಲ್ಲಿ ಕಂಪನಿಯನ್ನು ಕೊರೆಯುವುದು ಮೂಲ ಬೇಡಿಕೆಯಲ್ಲ, ಕಾಲ. ವಜಾ ಆದೇಶ ತಪ್ಪು ಎಂದು ತೀರ್ಪು ಬಂದರೆ ಮರುನೇಮಕದ ಜೊತೆ ಹಿಂಬಾಕಿ ವೇತನದ ಪ್ರಶ್ನೆ ಏಳುತ್ತದೆ. ತಪ್ಪಾಗಿ ವಜಾ ಆದವನಿಗೆ ಹಿಂಬಾಕಿ ಕೊಡುವುದೇ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟ್ 2013ರ ದೀಪಾಲಿ ಗುಂಡು ಸುರ್ವಾಸೆ ಪ್ರಕರಣದಲ್ಲಿ ಹೇಳಿತು. ತಿಂಗಳಿಗೆ 13,000 ರೂಪಾಯಿ ಸಂಬಳದವನ ಕೇಸು ಏಳು ವರ್ಷ ನಡೆದರೆ ಹಿಂಬಾಕಿಯೇ 10,92,000 ರೂಪಾಯಿ. ಆ ಏಳು ವರ್ಷದಲ್ಲಿ ಅವನಿಂದ ಕಂಪನಿಗೆ ಸಿಕ್ಕ ಕೆಲಸ ಶೂನ್ಯ.

ಮೇಲ್ಮನವಿ ಹಾಕಿ ಎಳೆದರೆ ಉಳಿತಾಯವೆಂದು ನಂಬಿದ ಮಾಲೀಕರಿಗೆ 1947ರ ಕೈಗಾರಿಕಾ ವಿವಾದ ಕಾಯ್ದೆಯ 17-ಬಿ ಕಲಂ ಬಿಸಿ ಮುಟ್ಟಿಸಿತ್ತು. ಮರುನೇಮಕದ ತೀರ್ಪನ್ನು ಹೈಕೋರ್ಟಿನಲ್ಲೋ ಸುಪ್ರೀಂ ಕೋರ್ಟಿನಲ್ಲೋ ಪ್ರಶ್ನಿಸಿದರೆ, ಬೇರೆ ಕೆಲಸವಿಲ್ಲದ ನೌಕರನಿಗೆ ಆ ವ್ಯಾಜ್ಯ ಮುಗಿಯುವವರೆಗೂ ಕೊನೆಯ ಸಂಬಳ ಕೊಡುತ್ತಲೇ ಇರಬೇಕು. ಪಿ.ಎಫ್. ಬಾಕಿಯ ಮೇಲೆ ವರ್ಷಕ್ಕೆ ಶೇ 12 ಬಡ್ಡಿ, ಅದರ ಮೇಲೆ ದಂಡ ಬೇರೆ.

■ ಗ್ರಾಚ್ಯುಟಿ: ಒಂದು ಲೆಕ್ಕ
ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಗ್ರಾಚ್ಯುಟಿ. ವೇತನ 13,000, ಸೇವೆ 20 ವರ್ಷ ಎಂದರೆ 1,50,000 ರೂಪಾಯಿ. 30 ದಿನದೊಳಗೆ ಕೊಡದಿದ್ದರೆ, 1972ರ ಕಾಯ್ದೆಯಡಿ ನಿಗದಿಯಾದ ಶೇ 10 ಸರಳ ಬಡ್ಡಿ. ಎಂಟು ವರ್ಷ ಎಳೆದರೆ ಬಡ್ಡಿ 1,20,000. ಇಂಥ 40 ಮಂದಿ ಇದ್ದರೆ, 60 ಲಕ್ಷದಲ್ಲಿ ಮುಗಿಯಬೇಕಿದ್ದ ಬಾಬ್ತು 1 ಕೋಟಿ 8 ಲಕ್ಷಕ್ಕೆ ನಿಲ್ಲುತ್ತದೆ. ವಕೀಲರ ಫೀಸು ಇದರಲ್ಲಿ ಸೇರಿಲ್ಲ.

ರೂಪಾಯಿಯ ಲೆಕ್ಕದಲ್ಲಿ ಕೆಲವು ಕೇಸುಗಳಿಗೆ ಅರ್ಥವೇ ಇರುವುದಿಲ್ಲ. ಈಶಾನ್ಯ ಕರ್ನಾಟಕ ಸಾರಿಗೆ ನಿಗಮದ ಕಂಡಕ್ಟರ್ ಒಬ್ಬರ ಮೇಲಿದ್ದ ಆರೋಪ 360 ರೂಪಾಯಿ 95 ಪೈಸೆ ಟಿಕೆಟ್ ಹಣದ್ದು. ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಗಿ 2006ರಲ್ಲಿ ವಜಾ ಆದೇಶ ಎತ್ತಿಹಿಡಿಯಲಾಯಿತು. ಮೊತ್ತ ಎಷ್ಟೆಂಬುದಲ್ಲ, ನಂಬಿಕೆ ಉಳಿದಿದೆಯೇ ಎಂಬುದು ಮುಖ್ಯ ಎಂದಿತು ನ್ಯಾಯಾಲಯ. ದಿನವೂ ಸಾವಿರಾರು ಕೈಗಳಲ್ಲಿ ಚಿಲ್ಲರೆ ಸಂಗ್ರಹವಾಗುವ ಸಂಸ್ಥೆಗೆ ಈ ವಾದದಲ್ಲಿ ಹುರುಳಿದೆ. ಗೆದ್ದ ಕೇಸಿನ ಖರ್ಚೂ ನಿಗಮದ ಬೊಕ್ಕಸದಿಂದಲೇ ಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಹಾಗೆಂದು ಲಾಭ ಮಾಡುವ ಸಂಸ್ಥೆಗಷ್ಟೇ ಕೈಗಾರಿಕಾ ವಿವಾದದ ಕಾನೂನು ಅನ್ವಯ ಎಂದುಕೊಳ್ಳುವಂತಿಲ್ಲ. ಬೆಂಗಳೂರು ಜಲಮಂಡಳಿಯ ನೌಕರರ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಲಾಭದ ಉದ್ದೇಶವಿಲ್ಲದಿದ್ದರೂ ‘ಕೈಗಾರಿಕೆ’ ಆಗಬಹುದು ಎಂದಿತು. ಪ್ರಮುಖ ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಆಸ್ಪತ್ರೆ, ಶಾಲೆ, ಸಹಕಾರ ಸಂಘಗಳ ನೌಕರರಿಗೂ ಕಾರ್ಮಿಕ ನ್ಯಾಯಾಲಯದ ಬಾಗಿಲು ತೆರೆದದ್ದು ಹಾಗೆ.

ದುಡ್ಡಿದ್ದವರ ಕೇಸು

ತುಂಬಿದ ಖಜಾನೆಯ ಕಂಪನಿಯಲ್ಲಿ ಚಿತ್ರ ಬೇರೆ. ಇನ್ಫೊಸಿಸ್‌ನ ಅಮೆರಿಕ ಕಚೇರಿಯ ಹಿರಿಯ ಅಧಿಕಾರಿಯೊಬ್ಬರ ವಿರುದ್ಧ ಮಾಜಿ ಉದ್ಯೋಗಿ ಹೂಡಿದ್ದ ಲೈಂಗಿಕ ಕಿರುಕುಳದ ದಾವೆ 2003ರಲ್ಲಿ 30 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ಅದಕ್ಕೆ ಹಿಂದಿನ ಹಣಕಾಸು ವರ್ಷ ಕಂಪನಿಯ ವರಮಾನ ಸುಮಾರು 75 ಕೋಟಿ ಡಾಲರ್. ಶೇಕಡ ಅರ್ಧವೂ ಅಲ್ಲದ ಮೊತ್ತ, ಅದರಲ್ಲೂ ಒಂದು ಪಾಲು ವಿಮಾ ಕಂಪನಿಯದು. ಆ ಒಂದು ಕೇಸು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆಲ್ಲ ನಡವಳಿಕೆಯ ನಿಯಮಾವಳಿ ಎಂದರೇನು ಎಂದು ಕಲಿಸಿತು.

2011ರಲ್ಲಿ ಅದೇ ಕಂಪನಿಯ ಅಮೆರಿಕನ್ ನೌಕರ ಜಾಕ್ ಪಾಮರ್ ಅಲಬಾಮಾದಲ್ಲಿ ಕೇಸು ಹಾಕಿದರು. ಭೇಟಿ ವೀಸಾದ ಮೇಲೆ ಜನರನ್ನು ಕರೆತಂದು ಕೆಲಸ ಮಾಡಿಸುತ್ತಿದ್ದಾರೆ, ಅದನ್ನು ಹೇಳಿದ್ದಕ್ಕೆ ತಮಗೆ ಕಿರುಕುಳ ಆಗುತ್ತಿದೆ ಎಂಬುದು ದೂರು. 2012ರ ಆಗಸ್ಟ್‌ನಲ್ಲಿ ನ್ಯಾಯಾಲಯ ದಾವೆ ವಜಾ ಮಾಡಿತು. ನೌಕರ ಸೋತಿದ್ದ. ಆದರೆ ದೂರಿನ ಎಳೆ ಹಿಡಿದ ಅಮೆರಿಕ ಸರ್ಕಾರ ತನಿಖೆ ಮುಂದುವರಿಸಿತು. 2013ರ ಅಕ್ಟೋಬರ್‌ನಲ್ಲಿ ಕಂಪನಿ 3.4 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ವ್ಯವಸ್ಥಿತ ಅಕ್ರಮ ನಡೆದಿಲ್ಲ ಎಂಬುದು ಅದರ ನಿಲುವಾಗಿಯೇ ಉಳಿಯಿತು. ನೌಕರನ ಕೇಸು ಬಿದ್ದುಹೋದರೂ ಅದು ಬಿಚ್ಚಿಟ್ಟ ಕಾಗದ ಬೀಳುವುದಿಲ್ಲ.

ಮೂರನೆಯ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಮುಖ್ಯ ಹಣಕಾಸು ಅಧಿಕಾರಿ ರಾಜೀವ್ ಬನ್ಸಲ್ 2015ರಲ್ಲಿ ಇನ್ಫೊಸಿಸ್ ಬಿಟ್ಟಾಗ 17.38 ಕೋಟಿ ರೂಪಾಯಿ ಬಿಡುಗಡೆ ಪರಿಹಾರದ ಒಪ್ಪಂದವಾಗಿತ್ತು. ಸುಮಾರು 5 ಕೋಟಿ ಕೊಟ್ಟ ಮೇಲೆ ಕಂಪನಿ ಉಳಿದದ್ದನ್ನು ತಡೆಹಿಡಿಯಿತು. 2018ರ ಸೆಪ್ಟೆಂಬರ್‌ನಲ್ಲಿ ಮಧ್ಯಸ್ಥಿಕೆ ನ್ಯಾಯಮಂಡಳಿ 12.17 ಕೋಟಿಯನ್ನು ಬಡ್ಡಿ ಸಮೇತ ಕೊಡಲು ಆದೇಶಿಸಿತು. ವರ್ಷಕ್ಕೆ 15 ಸಾವಿರ ಕೋಟಿ ಮೀರಿ ಲಾಭ ಮಾಡುತ್ತಿದ್ದ ಕಂಪನಿಗೆ ಇದು ಪುಡಿಗಾಸು. ಆ ಪರಿಹಾರದ ಸುತ್ತ ಎದ್ದ ಪ್ರಶ್ನೆಗಳು ಮಾತ್ರ ಸ್ಥಾಪಕರಿಗೂ ಆಡಳಿತ ಮಂಡಳಿಗೂ ನಡೆದ ಜಗಳದ ಕಾರಣಗಳಲ್ಲಿ ಒಂದಾಗಿದ್ದವು. ಆಗಿನ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟ 2017ರ ಆಗಸ್ಟ್ 18ರಂದು ಷೇರು ಬೆಲೆ ಒಂದೇ ದಿನ ಶೇ 9ಕ್ಕೂ ಹೆಚ್ಚು ಕುಸಿಯಿತು.

ಅಂದರೆ ದೊಡ್ಡ ಕಂಪನಿಯಲ್ಲಿ ಪರಿಹಾರದ ಮೊತ್ತ ನೋಡಿ ಕೇಸಿನ ತೂಕ ಅಳೆಯುವುದು ತಪ್ಪು. ಹಣ ಹೋಗುವುದು ಬೇರೆ ಬಾಗಿಲಿನಿಂದ.

ಪಂಡಿತರು ಏನನ್ನುತ್ತಾರೆ?

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಷೇರು ಬೆಲೆ ಹಿಡಿದು ಅಳೆದಿದ್ದಾರೆ. ಉದ್ಯೋಗದಲ್ಲಿ ತಾರತಮ್ಯದ ಆರೋಪ ಬಂದ ಕಂಪನಿಗಳ ಷೇರಿಗೆ ಪೆಟ್ಟು ಬೀಳುತ್ತದೆ ಎಂದು ಜೋನಿ ಹರ್ಶ್ 1991ರಲ್ಲಿ ಬರೆದರು. ಮೈಕೆಲ್ ಸೆಲ್ಮಿ 2003ರ ಅಧ್ಯಯನದಲ್ಲಿ ಬಹುಪಾಲು ಉಲ್ಟಾ ಹೇಳಿದರು: ಸಾಮೂಹಿಕ ದಾವೆಗಳು ಷೇರುದಾರರ ಜೇಬಿಗೆ ಹೇಳಿಕೊಳ್ಳುವಂಥ ಪೆಟ್ಟು ಕೊಡುವುದಿಲ್ಲ, ಆದ್ದರಿಂದ ಕಂಪನಿಗಳು ಬದಲಾಗುವುದೂ ಇಲ್ಲ. ಕಪ್ಪು ನೌಕರರ ದಾವೆಯನ್ನು ಟೆಕ್ಸಾಕೊ ಎಂಬ ತೈಲ ಕಂಪನಿ 1996ರಲ್ಲಿ 17.6 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಾಗ, ದಾಖಲೆಯ ಮೊತ್ತ ಎಂದು ಪತ್ರಿಕೆಗಳು ಬರೆದವು. ಷೇರುಪೇಟೆ ಸ್ವಲ್ಪ ಹೊತ್ತು ಮುಖ ಸಿಂಡರಿಸಿ ಸುಮ್ಮನಾಯಿತು.

ಇದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿದವರು ಅಲೆಕ್ಸ್ ಎಡ್ಮನ್ಸ್. ಕೆಲಸಕ್ಕೆ ಅತ್ಯುತ್ತಮ ಎಂದು ನೌಕರರೇ ಮೆಚ್ಚಿದ ನೂರು ಅಮೆರಿಕನ್ ಕಂಪನಿಗಳ ಪಟ್ಟಿ ಹಿಡಿದು 1984ರಿಂದ 2009ರವರೆಗಿನ ಷೇರು ಲಾಭ ನೋಡಿದರು. ಅಪಾಯಕ್ಕೆ ತಕ್ಕಂತೆ ಬರಬೇಕಾದದ್ದಕ್ಕಿಂತ ವರ್ಷಕ್ಕೆ ಶೇ 3.5ರಷ್ಟು ಹೆಚ್ಚು ಸಿಕ್ಕಿತ್ತು. ಕೇಸು ತಪ್ಪಿಸಿಕೊಂಡದ್ದರ ಫಲ ಇದಲ್ಲ. ಕೇಸಿಗೆ ಹೋಗುವ ಮನಸ್ಸೇ ಬಾರದಂತೆ ನಡೆಸಿಕೊಂಡದ್ದರ ಫಲ ಎನ್ನಬಹುದು. ಮೂರು ಅಧ್ಯಯನಗಳಲ್ಲಿ ಇದೇ ಹೆಚ್ಚು ಉಪಯುಕ್ತ. ಮೊದಲೆರಡು ಕೇಸು ಸುದ್ದಿಯಾದ ದಿನದ ಬೆಲೆ ನೋಡುತ್ತವೆ, ಇದು ವರ್ಷಗಟ್ಟಲೆ ನೋಡುತ್ತದೆ.

■ ಬ್ಯಾಲೆನ್ಸ್ ಶೀಟಿನಲ್ಲಿ ಕೇಸು ಎಲ್ಲಿ ಅಡಗಿದೆ?
ಸೋಲುವ ಸಾಧ್ಯತೆಯೇ ಹೆಚ್ಚು ಅನ್ನಿಸಿದ ಕೇಸಿಗೆ ಕಂಪನಿ ಹಣ ತೆಗೆದಿಟ್ಟು ಆ ವರ್ಷದ ಲಾಭದಿಂದಲೇ ಕಳೆಯಬೇಕು. ಸೋಲಬಹುದು, ಸೋಲದೆಯೂ ಇರಬಹುದು ಎನ್ನುವಂಥದ್ದು ‘ಸಂಭಾವ್ಯ ಹೊಣೆ’ ಎಂಬ ಟಿಪ್ಪಣಿಗೆ ಹೋಗುತ್ತದೆ, ಲಾಭ ಮುಟ್ಟುವುದಿಲ್ಲ. ‘ಸಾಲವೆಂದು ಒಪ್ಪಿಕೊಳ್ಳದ ಕ್ಲೇಮುಗಳು’ ಎಂಬ ಸಾಲು ಕಂಡರೆ ಅಲ್ಲೇ ನಿಂತು ಓದಬೇಕು. ಷೇರುಪೇಟೆಯ ಅಗ್ರ 1,000 ಕಂಪನಿಗಳು 2022–23ರಿಂದ ನೌಕರರ ದೂರುಗಳ ಸಂಖ್ಯೆಯನ್ನೂ ವಾರ್ಷಿಕ ವರದಿಯಲ್ಲಿ ಹೇಳಲೇಬೇಕೆಂದು ಸೆಬಿ ಕಡ್ಡಾಯ ಮಾಡಿದೆ.

ದಿವಾಳಿಯ ಸರದಿ ಸಾಲು

ಕೇಸು ಗೆದ್ದರೂ ಕೈಗೆ ಹಣ ಬರಬೇಕಲ್ಲ. ಬೆಂಗಳೂರಿನ ಯುಬಿ ಸಮೂಹದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ನೌಕರರ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಕರ್ನಾಟಕ ಹೈಕೋರ್ಟ್ ಕಂಪನಿ ಮುಚ್ಚಲು ಆದೇಶಿಸಿದ್ದು 2016ರ ನವೆಂಬರ್‌ನಲ್ಲಿ. ಆ ನಾಲ್ಕು ವರ್ಷ ಬ್ಯಾಂಕು, ತೆರಿಗೆ ಇಲಾಖೆ, ವಿಮಾನ ಬಾಡಿಗೆಗೆ ಕೊಟ್ಟವರು, ನೌಕರರು ಎಲ್ಲರೂ ಖಾಲಿ ಪೆಟ್ಟಿಗೆಯ ಮುಂದೆ ನಿಂತಿದ್ದರು.

2016ರ ದಿವಾಳಿ ಸಂಹಿತೆ ಆ ಸರದಿಗೆ ಕ್ರಮ ಹಾಕಿತು. ಕಂಪನಿಯ ಆಸ್ತಿ ಮಾರಿದಾಗ ಪ್ರಕ್ರಿಯೆಯ ಖರ್ಚು ಮೊದಲು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿಯೂ ಅಡಮಾನದ ಸಾಲ ಕೊಟ್ಟ ಬ್ಯಾಂಕೂ ಸಮಸಮ. ಕಚೇರಿ ನೌಕರರ 12 ತಿಂಗಳ ಬಾಕಿ ಅವರ ಹಿಂದೆ. ಪಿ.ಎಫ್., ಗ್ರಾಚ್ಯುಟಿ ನಿಧಿಗಳು ಈ ಹಂಚಿಕೆಯ ಹೊರಗೆ, ಅವು ನೌಕರರದ್ದೇ. ಪ್ರಕ್ರಿಯೆ ನಡೆಯುವಾಗ ಹೊಸ ದಾವೆ ಹೂಡುವಂತಿಲ್ಲ, ಹಳೆಯದು ಮುಂದುವರಿಯುವಂತಿಲ್ಲ.

ಕೇಸಿಲ್ಲದ ಸೀಮೆ

ಇನ್ನು ತಿಪಟೂರಿಗೆ ಬರುವುದಾದರೆ, ಇಲ್ಲಿಯ ದೊಡ್ಡ ಉದ್ಯಮದಲ್ಲಿ ಕೇಸುಗಳೇ ಅಪರೂಪ. ಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಇಟ್ಟು, ಒಳಗಿನ ನೀರು ಆರಿ ಕೊಬ್ಬರಿ ಗಿಟುಕಾದ ಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದು ಎಪಿಎಂಸಿಗೆ ತರುತ್ತಾರೆ. ಮರ ಹತ್ತುವವರು, ಕಾಯಿ ಸುಲಿಯುವವರು, ಚಿಪ್ಪು ಒಡೆಯುವ ಹೆಂಗಸರು, ಹಮಾಲರು, ನಾರಿನ ಕಾರ್ಖಾನೆಯವರು, ಕಾಯಿಪುಡಿ ಘಟಕದವರು: ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆವರೆಗೆ ಈ ಸರಪಣಿಯಲ್ಲಿ ಕೆಲಸ ಮಾಡುವ ಬಹುತೇಕರಿಗೆ ನೇಮಕಾತಿ ಪತ್ರ ಎಂಬುದಿಲ್ಲ. ಕೂಲಿ ಸಾವಿರ ಕಾಯಿಗೆ ಇಷ್ಟು ಎಂಬ ಲೆಕ್ಕ. ಮುಂಗಡ ಪಡೆದವನು ಅದು ತೀರುವ ತನಕ ಅದೇ ಯಜಮಾನನ ಬಳಿ.

ಕಾನೂನಿನ ಬಾಗಿಲಿಗೆ ತಲೆ ಎಣಿಕೆಯ ಹೊಸ್ತಿಲುಗಳಿವೆ. ಗ್ರಾಚ್ಯುಟಿ, ಇಎಸ್‌ಐಗೆ 10 ಮಂದಿ, ಪಿ.ಎಫ್.ಗೆ 20 ಮಂದಿ ಇರಬೇಕು. ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು, ಇಲ್ಲವೇ ಹತ್ತೊಂಬತ್ತೇ ಹೆಸರು ಇರುವ ಘಟಕದ ಮಾಲೀಕ ದಡ್ಡನೇನಲ್ಲ. ತಕರಾರು ಬಂದರೆ ಕಾರ್ಮಿಕ ನಿರೀಕ್ಷಕರ ಮೇಜಿಗಿಂತ ಮೊದಲು ಊರ ಹಿರಿಯರ ಮುಂದೆ ಕೂತು ತೀರುತ್ತದೆ. ಮರದಿಂದ ಬಿದ್ದವರ ವಿಷಯದಲ್ಲಿ ಆ ಪಂಚಾಯ್ತಿಯ ಮೊತ್ತ ಆಸ್ಪತ್ರೆ ಖರ್ಚಿಗೂ ಸಾಲದು. ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಮರ ಹತ್ತುವವರಿಗೆಂದೇ ಇದೆ, ಹೆಸರು ನೋಂದಾಯಿಸಿದ್ದರೆ ಮಾತ್ರ.

ಕೇಸಿಲ್ಲದ್ದರಿಂದ ಈ ಘಟಕಗಳ ಹಣದ ಸ್ಥಿತಿ ಚೆನ್ನಾಗಿದೆಯೇ? ಹಾಗೇನಿಲ್ಲ. ಕೊಬ್ಬರಿ ದರ ಏರಿದ ವರ್ಷ ಸುಲಿಯುವವರು ಸಿಗದೆ ಘಟಕ ನಿಲ್ಲುತ್ತದೆ. ಮರ ಹತ್ತಬಲ್ಲ ಹುಡುಗ ಬೆಂಗಳೂರಿನಲ್ಲಿ ಪಾರ್ಸೆಲ್ ಹಂಚುತ್ತಿರುತ್ತಾನೆ. ದಾವೆ ಹೂಡುವ ಹಾದಿ ಇಲ್ಲದ ಕೆಲಸಗಾರ ಕೆಲಸವನ್ನೇ ಬಿಟ್ಟು ಹೋಗುತ್ತಾನೆ. ಆ ನಷ್ಟ ಯಾವ ಟಿಪ್ಪಣಿಯಲ್ಲೂ ಬರುವುದಿಲ್ಲ. ಅಮ್ಮಸಂದ್ರದ ಗೇಟಿನ ಒಳಗಿದ್ದವರಿಗೂ ಪಕ್ಕದ ತೋಟದ ಅಟ್ಟದಲ್ಲಿ ದುಡಿದವರಿಗೂ ಇದ್ದ ಅಂತರ ಇದು.

ಹೊಸ ಸಂಹಿತೆ, ಕಿರಿದಾದ ಗಡುವು

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನೇಮಕಾತಿ ಪತ್ರ ಕಡ್ಡಾಯ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗವನ್ನೂ ಮೂಲವೇತನದಂತೆ ಎಣಿಸಬೇಕು. ಹಾಗಾಗಿ ಗ್ರಾಚ್ಯುಟಿ ಹೊರೆ ಏರುತ್ತದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದೇ ವರ್ಷದ ಸೇವೆಗೂ ಗ್ರಾಚ್ಯುಟಿ ಸಿಗುತ್ತದೆ. ಇನ್ನೊಂದು ಕಡೆ, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಾಗುವ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ತುಮಕೂರು ಜಿಲ್ಲೆಯ ಸಣ್ಣ, ಮಧ್ಯಮ ಕಾರ್ಖಾನೆಗಳಲ್ಲಿ ಹೆಚ್ಚಿನವು ಈ ಮಿತಿಯ ಕೆಳಗೇ ಬರುತ್ತವೆ. ಮುಚ್ಚುವುದು ಸುಲಭವಾದಷ್ಟೂ ಮುಚ್ಚಿದ ಮೇಲಿನ ಬಾಕಿಯ ಕೇಸುಗಳು ಹೆಚ್ಚಬಹುದು.

ಕೆಲಸ ಕಳೆದುಕೊಂಡವರು ನೆನಪಿಡಬೇಕಾದ ಬದಲಾವಣೆ ಇನ್ನೊಂದಿದೆ. ವಜಾ ಪ್ರಶ್ನಿಸಿ ನೇರವಾಗಿ ಅರ್ಜಿ ಹಾಕಲು ಹಳೆಯ ಕಾಯ್ದೆ ಮೂರು ವರ್ಷ ಕೊಟ್ಟಿತ್ತು. ಹೊಸ ಸಂಹಿತೆಯಲ್ಲಿ ಅದು ಎರಡೇ ವರ್ಷ.